ಮಗ್ಗ ನಿಲ್ಲಿಸುವ ಹೊತ್ತು

ದೊಡ್ಡಬಳ್ಳಾಪುರ
19 ಜೂನ್ 1966, ಭಾನುವಾರ

ಹನ್ನಳ ಅಪ್ಪನವರಿಗೆ,

ಯೇಸುವಿನ ಹೆಸರಿನಲ್ಲಿ ನಿಮಗೆ ವಂದನೆ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಹನ್ನಳ ಕೈಯಲ್ಲೇ ಬರೆಸಿದ್ದೇನೆ. ಗಂಡನ ಹೆಸರು ಬರೆದರೆ ಆಯುಷ್ಯ ಕಡಿಮೆ ಎನ್ನುವುದನ್ನು ನಮ್ಮ ಕ್ರೈಸ್ತ ಸಭೆಯವರೂ ನಂಬುತ್ತಾರಾ ಎಂದು ನೀವು ನಗಬಹುದು. ನಂಬುವುದಿಲ್ಲ, ನಾಚಿಕೆ ಅಷ್ಟೆ. ಒಂಬತ್ತು ವರ್ಷದ ನಿಮ್ಮ ಮಗಳಿಗೆ ಆ ನಾಚಿಕೆ ಇಲ್ಲ. ‘ಆಶೀರ್ವಾದಪ್ಪ’ ಎಂದು ಲಕೋಟೆಯ ತುಂಬ ದಪ್ಪಗೆ ಬರೆದು, ವಿಳಾಸಕ್ಕೆ ಜಾಗವೇ ಉಳಿಸಿಲ್ಲ.

ನೀವು ರೈಲು ಹತ್ತಿದ ಮೇಲೆ ಮಾವನವರು ನೆಟ್ಟಗೆ ಮನೆಯ ದಾರಿ ಹಿಡಿದರು. ಮನೆಗೆ ಬಂದವರೇ ನಿಮ್ಮ ಮಗ್ಗದ ಎದುರು ಕೂತು, ‘ಇದರ ಬೆಲ್ಟು ಸಡ್ಲ ಆಗೈತೆ ಕಣಮ್ಮ’ ಎಂದು ಅದನ್ನೇ ಮುಟ್ಟಿ ಮುಟ್ಟಿ ನೋಡಿದರು. ಬೆಲ್ಟು ಸರಿಯಾಗಿಯೇ ಇತ್ತು. ನಾನು ಹೌದು ಮಾವ ಎಂದೆ.

ಈಗ ಎರಡು ಮಗ್ಗಗಳನ್ನೂ ನಾನು ಮತ್ತು ಅವರು ಓಡಿಸುತ್ತಿದ್ದೇವೆ. ನೂಲು ಕೊಟ್ಟು ಸೀರೆ ಕೊಳ್ಳುವ ಸಾಹುಕಾರ್ ಆದಿನಾರಾಯಣಪ್ಪನವರು ದಿನಾ ಬಂದು ವಿಚಾರಿಸುತ್ತಾರೆ. ‘ಹೊಸ ನಮೂನೆ ಕೆಲ್ಸ ಕಲ್ತ್ಕೊಂಡು ಬರ್ಲಿ ಅಂತ ನಾನೇ ಅವನ್ನ ಸೂರತ್‌ಗೆ ಕಳ್ಸಿದ್ದು, ನಿಮ್ ಮನೇಲಿ ಒಂದ್ ಕೈ ಕಮ್ಮಿ ಆಯ್ತು’ ಎಂದು ಅವರಿಗೇ ಒಂದು ಥರ ಸಂಕೋಚ.

ಸ್ಟೇಷನ್ನಿನಲ್ಲಿ ಆಡಿದ ಮಾತು ನೆನಪಿದೆಯಲ್ಲ? ಸಂಜೆ ಏಳಕ್ಕೆ ಇಲ್ಲಿ ಪ್ರಾರ್ಥನೆಗೆ ಮಗ್ಗ ನಿಲ್ಲುತ್ತದೆ, ಅಲ್ಲಿ ನೀವೂ ಎಲ್ಲಿದ್ದರೂ ನಿಲ್ಲಬೇಕು. ಎಷ್ಟೇ ದೂರವಿದ್ದರೂ ದಿನಕ್ಕೊಮ್ಮೆ ದೇವರ ಮುಂದೆ ನಾಲ್ವರೂ ಒಟ್ಟಿಗೆ ಇರಬೇಕು. ಮಾವನವರು ಕೈಮಗ್ಗದ ಕಾಲದಿಂದ ಒಂದು ದಿನ ಬಿಡದೆ ನಡೆಸಿಕೊಂಡು ಬಂದದ್ದು. ನಮ್ಮ ಬೀದಿಗೇ ಅದು ಗಡಿಯಾರ. ನಮ್ಮ ಮಗ್ಗದ ಸದ್ದು ನಿಂತರೆ ಪಕ್ಕದ ಮನೆ ಮುತ್ಯಾಲಮ್ಮ ಮುದ್ದೆಗೆ ಎಸರಿಡುತ್ತಾಳೆ.

ನೀವು ಹೋದ ದಿನ ಏಳು ಗಂಟೆಗೆ ಕಣ್ಣು ಮುಚ್ಚಿದಾಗ ನೀವು ರೈಲಿನಲ್ಲಿ ಎಲ್ಲಿದ್ದೀರೋ ಎಂದು ಅದೇ ಚಿಂತೆಯಾಯಿತು. ಆಮೇಲೆ, ಎಲ್ಲಿದ್ದರೂ ಕಣ್ಣು ಮುಚ್ಚಿದ್ದಾರೆ ಎಂದುಕೊಂಡೆ. ಚಿಂತೆ ಹೋಯಿತು. ನಿಮ್ಮಿಂದ ಬೇರೆ ಏನೂ ಕೇಳುವುದಿಲ್ಲ, ಈ ಒಂದನ್ನು ಮಾತ್ರ ಬಿಡಬೇಡಿ.

ಇತಿ,
ಸುವಾರ್ತಮ್ಮ


ಸೂರತ್
3 ಜುಲೈ 1966

ಪ್ರಿಯ ಸುವಾರ್ತಾ,

ಕ್ಷೇಮವಾಗಿ ತಲುಪಿದೆ. ವಿಳಾಸಕ್ಕೆ ಜಾಗವಿಲ್ಲದಿದ್ದರೂ ನಿನ್ನ ಕಾಗದವೂ ಕ್ಷೇಮವಾಗಿ ತಲುಪಿತು.

ಇದು ಮಗ್ಗದ ಊರಲ್ಲ, ಮಗ್ಗದ ಕಾಡು. ನಮ್ಮ ಕಾರ್ಖಾನೆಯ ಒಂದೇ ಕೋಣೆಯಲ್ಲಿ ನಲವತ್ತು ಓಡುತ್ತವೆ. ಮಾತಾಡಬೇಕಾದರೆ ಕಿವಿಗೆ ಬಾಯಿಟ್ಟು ಕೂಗಬೇಕು. ಕೂಗಿದರೂ ನನಗೆ ಅವರ ಭಾಷೆ ಅರ್ಥವಾಗುವುದಿಲ್ಲ, ಹಾಗಾಗಿ ಎರಡೂ ಒಂದೇ. ಊಟಕ್ಕೆ ಮುದ್ದೆ ಇಲ್ಲ. ಬೇಳೆ ಸಾರಿಗೆ ಬೆಲ್ಲ ಹಾಕುತ್ತಾರೆ. ಮೊದಲ ದಿನ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡೆ. ಜೊತೆಯಲ್ಲಿ ರಘುವೀರ ಎಂಬ ಬಿಹಾರಿನ ಹುಡುಗ ಇದ್ದಾನೆ, ಒಳ್ಳೆಯವನು, ಕೈಸನ್ನೆಯಲ್ಲೇ ನಮ್ಮಿಬ್ಬರ ಸಂಸಾರ ನಡೆಯುತ್ತಿದೆ.

ಕೆಲಸ ಬಹಳ ಚೆನ್ನಾಗಿದೆ. ಸೀರೆಯ ಮೈತುಂಬ ಹೂವು ಬಿಡಿಸುವ ಇಲ್ಲಿಯ ಬುಟ್ಟಾ ಕೆಲಸ ನಮ್ಮೂರಿಗೆ ಬಂದರೆ ಸಾಹುಕಾರರು ಕುಣಿಯುತ್ತಾರೆ. ಕೆಲಸದ ಹೊತ್ತನ್ನು ಇನ್ನೂ ಸರಿಯಾಗಿ ಗೊತ್ತು ಮಾಡಿಲ್ಲ.

ಒಂದು ವಿಚಿತ್ರ ಕೇಳು. ಈ ಊರಲ್ಲಿ ಸಂಜೆ ಏಳಕ್ಕೂ ಬಿಸಿಲಿರುತ್ತದೆ. ಮೇಲಿನ ಗಾಜಿನ ಕಿಟಕಿಯಿಂದ ಉದ್ದಕ್ಕೆ ಬೆಳಕು ಬೀಳುತ್ತದೆ. ಅದನ್ನು ನೋಡಿದಾಗ ನಿಮ್ಮೆಲ್ಲರ ನೆನಪು ಬರುತ್ತದೆ. ಅಪ್ಪನಿಗೆ ಹೇಳು.

ಆಶೀರ್ವಾದಪ್ಪ


ದೊಡ್ಡಬಳ್ಳಾಪುರ
7 ಆಗಸ್ಟ್ 1966, ಭಾನುವಾರ

ಹನ್ನಳ ಅಪ್ಪನವರಿಗೆ,

ವಂದನೆ. ಕಿಟಕಿಯ ಬೆಳಕಿನಲ್ಲಿ ನೀವು ಪ್ರಾರ್ಥನೆ ಮಾಡುತ್ತಿರುವುದನ್ನು ಓದಿ ಹೇಳಿದಾಗ ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ಹನ್ನ ಅದರ ಚಿತ್ರ ಬರೆದಿದ್ದಾಳೆ, ಇದರೊಳಗೆ ಇಟ್ಟಿದ್ದೇನೆ. ಮಂಡಿಯೂರಿರುವವರು ನೀವು. ಹಿಂದೆ ಸಾಲಾಗಿ ನಿಂತಿರುವುದು ಮಗ್ಗಗಳು, ಎಮ್ಮೆಗಳಲ್ಲ.

ಇಲ್ಲಿ ಒಂದು ತೊಂದರೆಯಾಗಿದೆ. ನಿಮಗೆ ಹೇಳಬಾರದೆಂದುಕೊಂಡಿದ್ದೆ, ಆದರೆ ನಿಮ್ಮನ್ನು ಬಿಟ್ಟು ಬೇರೆ ಯಾರಿಗೆ ಹೇಳಲಿ?

ಸಾಹುಕಾರರು ಈ ಸಲ ಹೊಸ ನೂಲು ಕೊಟ್ಟಿದ್ದಾರೆ, ಆರ್ಟ್ ಸಿಲ್ಕು ಅನ್ನುವ ನಕಲಿ ರೇಷ್ಮೆ, ಬಹಳ ನಯ. ಹಳೆಯ ನೂಲಿನಲ್ಲಿ ಕಾಣದ್ದೆಲ್ಲ ಇದರಲ್ಲಿ ಕಾಣುತ್ತದೆ. ಲಾಳಿಯೊಳಗಿನ ನೂಲಿನ ನಳಿಗೆ ಬದಲಿಸಲು ಕ್ಷಣ ಹೊತ್ತು ನಿಲ್ಲಿಸಿದರೆ ಏನೂ ಆಗುವುದಿಲ್ಲ. ಪ್ರಾರ್ಥನೆಗೆ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಓಡಿಸಿದರೆ, ಅಷ್ಟರಲ್ಲಿ ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸು ಸಡಿಲಾಗಿ ಅಲ್ಲೊಂದು ಅಡ್ಡಗೀಟು ಬೀಳುತ್ತದೆ. ಸೀರೆಯ ಅಂಚಿನಿಂದ ಅಂಚಿಗೆ, ಕೂದಲಿನಷ್ಟು. ರಾತ್ರಿ ನಿಲ್ಲಿಸುವುದು ಒಂದು ಸೀರೆ ಮುಗಿಸಿದ ಮೇಲೆ, ಏಳು ಗಂಟೆ ಎಂದರೆ ಸೀರೆಯ ಒಡಲು ನಡೆಯುತ್ತಿರುವ ಹೊತ್ತು, ಬಚ್ಚಿಡುವ ಜಾಗವಲ್ಲ. ಸೀರೆಯನ್ನೇ ಏಳಕ್ಕೆ ಮುಗಿಯುವಂತೆ ಏರಿಸಿ ನೋಡಿದೆ. ಕರೆಂಟು ನಮ್ಮನ್ನು ಕೇಳಿ ಹೋಗಿ ಬರುವುದಿಲ್ಲವಲ್ಲ, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಸಾಹುಕಾರರು ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದರು. ‘ಏನಮ್ಮ ಇದು, ದಿನಾ ಒಂದೊಂದ್ ಗೀಟು?’ ಎಂದರು.

‘ಮೊನ್ನೆ ಕರೆಂಟ್ ಹೋದಾಗ್ಲೂ ಬಿತ್ತಲ್ಲ, ಆಗ ನೀವು ಏನೂ ಅನ್ಲಿಲ್ಲ’ ಎಂದೆ.

‘ಕರೆಂಟ್ ಹೋದ್ರೆ ಯಾರೇನ್ ಮಾಡಕ್ಕಾಗ್ತದೆ? ಇದು ನೀವಾಗ್ ನೀವೇ ನಿಲ್ಸೋದಲ್ವಾ?’

ಮಾವನವರು ಒಳಗಿನಿಂದಲೇ, ‘ಕರೆಂಟ್ ಆಫೀಸಿಗೆ ಕೊಡೋ ಮರ್ಯಾದೆನ ದೇವ್ರಿಗೆ ಕೊಡಕ್ಕಾಗಲ್ವಾ ಸ್ವಾಮಿ?’ ಎಂದರು.

ಸಾಹುಕಾರರು ನಕ್ಕರು. ನಕ್ಕು, ಸೀರೆಯನ್ನು ವಾಪಸು ಕೊಟ್ಟರು. ಅವರು ಕೆಟ್ಟವರಲ್ಲ. ಆದರೆ ದೀಪಾವಳಿಯ ಹೊತ್ತಿಗೂ ಗೀಟು ಹೀಗೇ ಬಂದರೆ ನಮ್ಮ ಪಾಲಿನ ನೂಲು ಬೇರೆ ಮನೆಗೆ ಹೋಗುತ್ತದೆ ಎಂದು ಸ್ಪಷ್ಟವಾಗಿ ಹೇಳಿ ಹೋದರು.

ಕೆಲಸ ಮುಗಿದ ಮೇಲೆ ಪ್ರಾರ್ಥನೆ ಮಾಡೋಣವೇ ಎಂದು ಮಾವನವರನ್ನು ಹೆದರಿ ಹೆದರಿ ಕೇಳಿದೆ. ‘ಕೆಲ್ಸ ಯಾವಾಗಮ್ಮ ಮುಗೀತದೆ? ನಾವು ಮುಗ್ದೋದ್ರೂ ಅದು ಮುಗಿಯಲ್ಲ. ಮೊದ್ಲು ದೇವ್ರು, ಆಮೇಲೆ ಮಗ್ಗ’ ಎಂದರು. ಅವರ ಮಾತು ಸರಿ. ಸಾಹುಕಾರರ ಮಾತೂ ಸರಿ. ಮಧ್ಯದಲ್ಲಿ ನಾನು ಒಬ್ಬಳೇ ತಪ್ಪು ಅನ್ನಿಸುತ್ತಿದೆ. ನೀವೇ ಒಂದು ದಾರಿ ಹೇಳಿ.

ಸುವಾರ್ತಮ್ಮ


ಸೂರತ್
20 ಆಗಸ್ಟ್ 1966

ಪ್ರಿಯ ಸುವಾರ್ತಾ,

ದಾರಿ ಕೇಳಿದ್ದೀಯ, ಹೇಳುತ್ತೇನೆ. ಏಳು ಗಂಟೆಗೆ ಮಗ್ಗ ನಿಲ್ಲಿಸಬೇಡ.

ಅಪ್ಪನ ಕಾಲ ಬೇರೆ. ಕೈಮಗ್ಗ ನಿಂತರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ನನಗೆ ಗೊತ್ತಾಗಿದೆ, ನಿಂತವನನ್ನು ಯಾರೂ ಕಾಯುವುದಿಲ್ಲ. ನಾನು ಊರು ಬಿಟ್ಟು ಬೆಲ್ಲದ ಸಾರು ಕುಡಿಯುತ್ತಿರುವುದು ಆ ಮನೆಗೆ ಇನ್ನೊಂದು ಮಗ್ಗ ಬರಲಿ ಎಂದು. ನಾನು ಬರುವಷ್ಟರಲ್ಲಿ ಇರುವ ಎರಡೂ ಖಾಲಿ ನಿಂತರೆ ಕಲಿತದ್ದನ್ನು ಎಲ್ಲಿ ನೇಯಲಿ? ದೇವರು ಎಲ್ಲಿಗೂ ಹೋಗುವುದಿಲ್ಲ. ರಾತ್ರಿ ಮಲಗುವಾಗ ಪ್ರಾರ್ಥಿಸಿದರೂ ಕೇಳಿಸಿಕೊಳ್ಳುತ್ತಾನೆ. ಅವನಿಗೆ ಅವಸರವಿಲ್ಲ, ಸಾಹುಕಾರರಿಗಿದೆ.

ಮನಸ್ಸಿನಲ್ಲೇ ನೆನೆದುಕೊಂಡರೆ ಸಾಲದೆ? ಕೈ ಕೆಲಸದಲ್ಲಿರಲಿ, ಮನಸ್ಸು ಅವನಲ್ಲಿರಲಿ. ಅಪ್ಪನಿಗೆ ನಾನು ಹೇಳಿದೆ ಎಂದು ಹೇಳು. ಬೈದರೆ ನನ್ನನ್ನೇ ಬೈಯಲಿ, ಇಲ್ಲಿಗೆ ಕೇಳಿಸುವುದಿಲ್ಲ.

ಆಶೀರ್ವಾದಪ್ಪ


ದೊಡ್ಡಬಳ್ಳಾಪುರ
25 ಸೆಪ್ಟೆಂಬರ್ 1966, ಭಾನುವಾರ

ಹನ್ನಳ ಅಪ್ಪನವರಿಗೆ,

ವಂದನೆ. ಬರೆಯಲು ತಡವಾಯಿತು. ಕೋಪ ಬಂದಿತ್ತು. ಕೋಪದಲ್ಲಿ ಬರೆದ ಎರಡು ಕಾಗದ ಒಲೆಗೆ ಹೋದವು. ಇದು ಮೂರನೆಯದು.

ನಿಮ್ಮ ಮಾತು ಕೇಳಿ ಓಡಿಸಿದೆ. ಏಳು ಹೊಡೆಯಿತು, ನಾನು ಮಗ್ಗ ನಿಲ್ಲಿಸಲಿಲ್ಲ. ಮಾವನವರು ನನ್ನ ಮುಖ ನೋಡಿದರು. ತಮ್ಮ ಮಗ್ಗ ನಿಲ್ಲಿಸಿ, ಓಡುತ್ತಿರುವ ನನ್ನ ಮಗ್ಗದ ಪಕ್ಕಕ್ಕೇ ಬಂದು ಮಂಡಿಯೂರಿ, ಗಂಟಲು ಹರಿಯುವ ಹಾಗೆ ಕೂಗಿ ಪ್ರಾರ್ಥನೆ ಶುರು ಮಾಡಿದರು. ನನಗೆ ಒಂದು ಮಾತೂ ಕೇಳಿಸಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಕತ್ತಿನ ನರ ಉಬ್ಬಿತ್ತು. ಹನ್ನ ಅವರ ತುಟಿಯನ್ನೇ ನೋಡುತ್ತ ಎಲ್ಲಿ ‘ಆಮೆನ್’ ಎನ್ನಬೇಕೋ ತಿಳಿಯದೆ ಸುಮ್ಮನೆ ಆಗಾಗ ಆಮೆನ್ ಎನ್ನುತ್ತಿದ್ದಳು. ಹೀಗೇ ಕೆಲವು ದಿನ ನಡೆಯಿತು. ಮಾವನವರ ಗಂಟಲು ಕಟ್ಟಿತು. ಆಮೇಲೆ ನನ್ನ ಕೈಯಲ್ಲಿ ಆಗಲಿಲ್ಲ. ನಿಲ್ಲಿಸಿಬಿಟ್ಟೆ. ಗೀಟು ಬೀಳುತ್ತಿದೆ. ಬೀಳಲಿ.

ಆದರೆ ನಿಮಗೆ ಒಂದು ನಿಜ ಹೇಳಬೇಕು. ನಾನು ದೊಡ್ಡ ಭಕ್ತೆ ಎಂದುಕೊಳ್ಳಬೇಡಿ. ಮಗ್ಗ ನಿಲ್ಲಿಸಿ ಮಂಡಿಯೂರಿದರೂ ಈಗ ನನಗೆ ಪ್ರಾರ್ಥನೆ ಬರುವುದಿಲ್ಲ. ಕಣ್ಣು ಮುಚ್ಚಿದರೆ ಹಾಸು ಸಡಿಲಾಗುತ್ತಿರುವುದು ಕಾಣುತ್ತದೆ. ಮಾವನವರು ರೋಗಿಗಳಿಗಾಗಿ, ವಿಧವೆಯರಿಗಾಗಿ ಬೇಡುತ್ತಿದ್ದರೆ, ಬೇಗ ಮುಗಿಸಬಾರದೇ ಎಂದು ನಾನು ಒಳಗೇ ಚಡಪಡಿಸುತ್ತೇನೆ. ಮೈ ದೇವರ ಮುಂದೆ, ಮನಸ್ಸು ಮಗ್ಗದ ಮುಂದೆ. ಕೈ ಕೆಲಸದಲ್ಲಿರಲಿ, ಮನಸ್ಸು ಅವನಲ್ಲಿರಲಿ ಎಂದು ಬರೆದಿರಿ. ನನಗೆ ಕೈ ಬಿಡುವಾಗಿದ್ದಾಗಲೂ ಮನಸ್ಸು ಅಲ್ಲಿ ನಿಲ್ಲುತ್ತಿಲ್ಲ. ಇದು ನನಗೆ ಬಹಳ ದುಃಖ. ನಿಮಗೆ ಅಲ್ಲಿ ಅಷ್ಟು ಸದ್ದಿನ ಮಧ್ಯೆ ಹೇಗೆ ಸಾಧ್ಯವಾಗುತ್ತಿದೆಯೋ, ಅದನ್ನು ನನಗೂ ಕಲಿಸಿ.

ಸಾಹುಕಾರರ ಗುಮಾಸ್ತ ಪಿಳ್ಳಣ್ಣ ನೂಲು ಕೊಳ್ಳಲು ಮುಂದಿನ ವಾರ ಸೂರತ್‌ಗೆ ಬರುತ್ತಾನೆ. ಅವನ ಕೈಯಲ್ಲಿ ಹುರಿಹಿಟ್ಟು, ನಿಪ್ಪಟ್ಟು, ರಾಗಿಹಿಟ್ಟು ಕಳಿಸುತ್ತಿದ್ದೇನೆ. ಮುದ್ದೆ ಮಾಡುವುದು ಬರುತ್ತದಲ್ಲ? ರಘುವೀರನಿಗೂ ಒಂದು ತುತ್ತು ಕೊಡಿ. ಅಗಿಯಬೇಡ, ನುಂಗು ಎಂದು ಸನ್ನೆಯಲ್ಲಿ ಹೇಳಿ.

ಸುವಾರ್ತಮ್ಮ


ಸೂರತ್
15 ಅಕ್ಟೋಬರ್ 1966

ಪ್ರಿಯ ಸುವಾರ್ತಾ,

ಪಿಳ್ಳಣ್ಣ ಬಂದು ಎರಡು ದಿನ ನನ್ನ ಕೋಣೆಯಲ್ಲೇ ಇದ್ದು ಹೋದ. ಮುದ್ದೆ ಮಾಡಿದೆ. ಗಂಟುಗಂಟಾಯಿತು, ಆದರೂ ಮೂವರೂ ತಟ್ಟೆ ನೆಕ್ಕಿದೆವು. ರಘುವೀರ ಅಗಿದೇ ತಿಂದ.

ನನಗೆ ಈಗ ಇನ್ನೂ ನಾಲ್ಕು ಮಗ್ಗ ಹೆಚ್ಚಿಗೆ ಕೊಟ್ಟಿದ್ದಾರೆ. ಕೆಲಸ ಹಂಚುವ ಮುಕಾದಮನಿಗೆ ನನ್ನ ಕೈ ಹಿಡಿಸಿದೆ. ರಜೆಯ ದಿನವೂ ಬಾ ಎನ್ನುತ್ತಾನೆ, ಹೋಗುತ್ತೇನೆ. ಸುಮ್ಮನೆ ಕೂತರೆ ಊರು ನೆನಪಾಗುತ್ತದೆ, ಅದಕ್ಕಿಂತ ಕೆಲಸ ವಾಸಿ. ಎಲ್ಲ ದೇವರ ದಯೆ.

ನಿನ್ನ ಪ್ರಶ್ನೆಗೆ ಏನು ಬರೆಯಲಿ? ನಿನಗೆ ಕಲಿಸುವಷ್ಟು ದೊಡ್ಡವನು ನಾನಲ್ಲ. ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು. ಅಪ್ಪನ ಗಂಟಲಿಗೆ ಮೆಣಸಿನ ಕಷಾಯ ಮಾಡಿಕೊಡು.

ಪಿಳ್ಳಣ್ಣ ಅಲ್ಲಿ ಏನಾದರೂ ಹೇಳಿದರೆ ನಂಬಬೇಡ. ಅವನ ಬಾಯಿ ನಿನಗೆ ಗೊತ್ತೇ ಇದೆ.

ಆಶೀರ್ವಾದಪ್ಪ


ದೊಡ್ಡಬಳ್ಳಾಪುರ
6 ನವೆಂಬರ್ 1966, ಭಾನುವಾರ

ಹನ್ನಳ ಅಪ್ಪನವರಿಗೆ,

ವಂದನೆ. ಎಲ್ಲರೂ ಚೆನ್ನಾಗಿದ್ದೇವೆ. ಮಾವನವರ ಗಂಟಲು ವಾಸಿಯಾಗಿದೆ.

ಈಗ ಏಳು ಗಂಟೆಗೆ ನಾವು ಮಗ್ಗ ನಿಲ್ಲಿಸುವುದಿಲ್ಲ. ಮಾವನವರೂ ಒಪ್ಪಿದ್ದಾರೆ. ಸೀರೆಯಲ್ಲಿ ಗೀಟಿಲ್ಲ. ಸಾಹುಕಾರರು ಸಂತೋಷಪಟ್ಟು ದೀಪಾವಳಿಗೆ ನೂಲು ಜಾಸ್ತಿಯೇ ಕೊಟ್ಟಿದ್ದಾರೆ. ನೀವು ಇನ್ನು ಆ ಚಿಂತೆ ಬಿಡಿ.

ಪಿಳ್ಳಣ್ಣ ಬಂದಿದ್ದ. ನೀವು ಇಳಿದುಹೋಗಿದ್ದೀರಿ ಎಂದ. ಊಟ ಸರಿಯಾಗಿ ಮಾಡಿ.

ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ? ಬರೆಯಿರಿ.

ಸುವಾರ್ತಮ್ಮ


ಸೂರತ್
19 ನವೆಂಬರ್ 1966

ಸುವಾರ್ತಾ,

ನಿನ್ನ ಕಾಗದ ಓದಿ ಎಷ್ಟೋ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ಅತ್ತುಬಿಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತುಬಿಟ್ಟೆ. ರಘುವೀರ ಊರಲ್ಲಿ ಯಾರೋ ತೀರಿಕೊಂಡರು ಎಂದುಕೊಂಡು ನನಗೆ ಟೀ ತಂದುಕೊಟ್ಟ.

ನಿಲ್ಲಿಸಬೇಡ ಎಂದು ಬರೆದವನು ನಾನೇ. ನೀನು ಹಾಗೇ ಮಾಡಿದ್ದೀಯ. ಇದರಲ್ಲಿ ಅಳುವುದಕ್ಕೆ ಏನಿದೆ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಗೊತ್ತಿತ್ತು.

ಸುವಾರ್ತಾ, ಕೆಲಸದ ಹೊತ್ತು ಗೊತ್ತು ಮಾಡಿಲ್ಲ ಎಂದು ಬರೆದದ್ದು ಸುಳ್ಳು, ಇಲ್ಲಿಗೆ ಬಂದಾಗಿನಿಂದ ನನಗೆ ಎರಡನೆಯ ಪಾಳಿ. ಮಧ್ಯಾಹ್ನ ಮೂರಕ್ಕೆ ಒಳಗೆ ಹೋದರೆ ಹೊರಗೆ ಬರುವುದು ನಡುರಾತ್ರಿಗೆ. ಏಳು ಗಂಟೆಗೆ ನಾನು ಒಂದು ದಿನವೂ ಮಂಡಿಯೂರಿಲ್ಲ. ಏಳಕ್ಕೆ ಮಾತ್ರವಲ್ಲ, ಯಾವ ಹೊತ್ತಿನಲ್ಲೂ ಇಲ್ಲ. ಮೊದಲ ವಾರ ಸುಸ್ತು, ನಾಳೆ ಮಾಡೋಣ ಎಂದುಕೊಂಡೆ. ಎರಡನೆಯ ವಾರ ಮನಸ್ಸಿಲ್ಲ. ಆಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದಾಯಿತು. ವೇದಪುಸ್ತಕ ಟ್ರಂಕಿನ ತಳದಲ್ಲಿದೆ, ಅದರ ಮೇಲೆ ಬಟ್ಟೆ. ಹನ್ನ ಬರೆದ ಚಿತ್ರವನ್ನೂ ಅಲ್ಲೇ ಇಟ್ಟೆ, ನೋಡಲು ಆಗಲಿಲ್ಲ. ಗುಜರಾತಿ ಕ್ರೈಸ್ತರ ದೇವಾಲಯ ಹತ್ತಿರದಲ್ಲೇ ಇದೆ. ರಜೆಯ ದಿನವೂ ಕೆಲಸಕ್ಕೆ ಹೋಗುವವನು ಅಲ್ಲಿಗೆ ಯಾವಾಗ ಹೋಗುತ್ತಾನೆ?

ಬೆಳಕಿನ ವಿಷಯ ಮಾತ್ರ ನಿಜ. ಬೆಳಕು ಬಿದ್ದಾಗ ಗಡಿಯಾರ ನೋಡುತ್ತಿದ್ದೆ. ಈಗ ಅಲ್ಲಿ ಮಗ್ಗ ನಿಂತಿತು, ಈಗ ಅಪ್ಪ ಕನ್ನಡಕ ಹುಡುಕುತ್ತಿದ್ದಾರೆ, ಈಗ ಬೀದಿಯೆಲ್ಲ ಸದ್ದಡಗಿದೆ ಎಂದುಕೊಳ್ಳುತ್ತಿದ್ದೆ. ನನ್ನ ಬದಲಿಗೂ ನೀವು ನಿಂತಿದ್ದೀರಿ ಎನ್ನುವ ಧೈರ್ಯದಲ್ಲಿ ನಾನು ಇಲ್ಲಿ ಓಡುತ್ತಿದ್ದೆ. ಈಗ ಅಲ್ಲೂ ಮಗ್ಗ ಓಡುತ್ತಿದೆ. ನಿನ್ನೆ ಏಳು ಗಂಟೆಗೆ ಕಿಟಕಿ ನೋಡಿದೆ. ಚಳಿಗಾಲ, ಬೆಳಕೂ ಇಲ್ಲ. ಏನನ್ನು ಹಿಡಿದುಕೊಳ್ಳಲಿ ಎಂದು ತೋಚಲಿಲ್ಲ.

ನಿನ್ನನ್ನು ದೂರುತ್ತಿಲ್ಲ. ಇಷ್ಟು ದಿನ ಬಿಟ್ಟವನಿಗೆ ಮತ್ತೆ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ಅಪ್ಪನಿಗೆ ಇದನ್ನು ಓದಿ ಹೇಳಬೇಡ.

ಬೆಳಿಗ್ಗೆ ಆರಕ್ಕೆ ಎಚ್ಚರವಾಗುತ್ತದೆ. ಎಷ್ಟು ತಡವಾಗಿ ಮಲಗಿದರೂ ಮನೆಯ ಅಭ್ಯಾಸ ಹೋಗಿಲ್ಲ. ಯಾಕೆ ಕೇಳಿದೆ?

ಆಶೀರ್ವಾದಪ್ಪ


ದೊಡ್ಡಬಳ್ಳಾಪುರ
4 ಡಿಸೆಂಬರ್ 1966, ಭಾನುವಾರ

ಹನ್ನಳ ಅಪ್ಪನವರಿಗೆ, ನನ್ನ ಪ್ರಿಯರಿಗೆ,

ಮೊದಲು ಕಣ್ಣೊರೆಸಿಕೊಳ್ಳಿ. ಪ್ರಾರ್ಥನೆ ನಿಂತಿಲ್ಲ. ಬೆಳಿಗ್ಗೆ ಆರಕ್ಕೆ ಬಂದಿದೆ. ಅರ್ಧ ಬರೆದು ಅರ್ಧ ನುಂಗಿ ನಿಮ್ಮನ್ನು ಅಳಿಸಿದೆ, ಕ್ಷಮಿಸಿ.

ಪಿಳ್ಳಣ್ಣ ಬಂದ ದಿನ ನಾನೇ ಅವನನ್ನು ಕೇಳಿದೆ, ಏಳು ಗಂಟೆಗೆ ಅವರು ಎಲ್ಲಿ ಪ್ರಾರ್ಥನೆ ಮಾಡುತ್ತಾರೆ, ನೋಡಿದೆಯಾ ಎಂದು. ಅವನು ಕಕ್ಕಾಬಿಕ್ಕಿಯಾದ. ‘ಏಳ್ ಗಂಟೆಗಾ? ಆಗ ಅವ್ನು ಮಗ್ಗದ್ ಹೊಟ್ಟೇಲಿ ಇರ್ತಾನಲ್ಲಕ್ಕ. ಬೆಳಿಗ್ಗೆ ಆರಕ್ಕೆ ಎದ್ದು ಒಬ್ನೇ ಮೆಟ್ಲ್ ಮೇಲೆ ಟೀ ಲೋಟ ಹಿಡ್ಕೊಂಡು ಕೂತಿರ್ತಾನೆ. ಮಾತಿಲ್ಲ ಕತೆಯಿಲ್ಲ. ನೋಡಿದ್ರೆ ಪಾಪ ಅನ್ನಿಸ್ತದೆ’ ಎಂದ. ನೀವು ಹೇಳಿದ ಹಾಗೆ ಅವನ ಬಾಯಿ ನನಗೆ ಗೊತ್ತು. ಏನನ್ನೂ ಒಳಗಿಟ್ಟುಕೊಳ್ಳದ ಬಾಯಿ, ಅದಕ್ಕೇ ನಂಬಿದೆ.

ನಿಮ್ಮ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತು, ಬರಲಿಲ್ಲ. ಆ ಮೆಟ್ಟಿಲೇ ಕಣ್ಣಿಗೆ ಕಟ್ಟಿತು.

ಮಾವನವರಿಗೆ ಹೇಳಬಾರದೆಂದಿದ್ದೆ. ಆದರೆ ಅವರು ಗೋಡೆಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೈಗುಳಕ್ಕೆ ಕಾದಿದ್ದೆ. ಈಚೆಗೆ ಬಂದು, ‘ಹಂಗಾದ್ರೆ ಆರ್ ಗಂಟೆಗೆ ಅವನಿಗೆ ಬಿಡುವು’ ಎಂದರು. ಅಷ್ಟೆ. ಜೀವಮಾನವಿಡೀ ಬಿಡದ ಏಳು ಗಂಟೆಯನ್ನು ಅಲ್ಲೇ ಬಿಟ್ಟುಬಿಟ್ಟರು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ‘ಏನಂಗ್ ನೋಡ್ತೀಯಾ? ಗಡಿಯಾರ ಇರೋದು ನಮಗೆ, ದೇವ್ರಿಗಲ್ಲ. ಇಷ್ಟ್ ದಿನ ದಣಿದ ಮೈ, ಮಿಕ್ಕ ಹೊತ್ತು ಕೊಡ್ತಿದ್ವಿ. ಇನ್ಮೇಲೆ ಮಗ್ಗದ್ ಗುಂಡಿ ಒತ್ತೋಕ್ ಮುಂಚೆ ಕೊಡಾನ’ ಎಂದರು.

ಮಾರನೆಯ ಬೆಳಿಗ್ಗೆಯಿಂದಲೇ ಶುರು. ಸುಲಭವಾಗಲಿಲ್ಲ. ಬೀದಿಯ ನಲ್ಲಿಯಲ್ಲಿ ನೀರು ಬರುವುದೂ ಆರಕ್ಕೇ ಅಲ್ಲವೇ? ಮಂಡಿಯೂರಿದರೆ ಹೊರಗೆ ಕೊಡಗಳ ಸದ್ದು. ಈ ಹೊತ್ತಿಗೆ ನನ್ನ ಸರದಿ ಹೋಯಿತು, ಈ ದಿನ ಮನೆಗೆ ನೀರಿಲ್ಲ ಎಂದು ಮನಸ್ಸು ಬೀದಿಗೆ ಓಡುತ್ತಿತ್ತು. ಸಂಜೆ ಮಗ್ಗ, ಬೆಳಿಗ್ಗೆ ಕೊಡ. ಯಾವ ಹೊತ್ತಿಗೆ ದೇವರ ಮುಂದೆ ಕೂತರೂ ಆ ಹೊತ್ತಿಗೇ ಸರಿಯಾಗಿ ಏನೋ ಒಂದು ಬಾಗಿಲು ತಟ್ಟುತ್ತದೆ ಎಂದು ಆಗ ಅರ್ಥವಾಯಿತು. ಬಿಡುವು ಸಿಗಲಿ ಎಂದು ಕಾದರೆ ಸಿಗುವುದಿಲ್ಲ. ನೀರು ಹೋದರೆ ಹೋಗಲಿ ಎಂದು ಹಟ ಹಿಡಿದು ಕೂತೆ. ಎರಡು ದಿನ ದೂರದ ಬಾವಿಯಿಂದ ಹೊತ್ತೆ.

ಮೂರನೆಯ ದಿನ ಎದ್ದು ಬಂದು ನೋಡಿದರೆ ಹೊಸಿಲ ಮುಂದೆ ನಮ್ಮ ಕೊಡಗಳು ತುಂಬಿ ನಿಂತಿವೆ. ಮುತ್ಯಾಲಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, ‘ನಿಮ್ ದೇವ್ರಿಗೂ ನಲ್ಲಿಗೂ ಒಂದೇ ಟೈಮಾ? ಹೋಗ್ಲಿ, ನಾನ್ ಹಿಡ್ದಿಡ್ತೀನಿ, ನೀವು ಮುಗಿಸ್ಕೊಂಡು ಬನ್ನಿ. ಆದ್ರೆ ಸಂಜೆ ಮಗ್ಗ ನಿಲ್ಸಲ್ಲ ಅಂತ ಒಂದ್ ಮಾತು ಹೇಳ್ಬಾರ್ದಾ? ನಿನ್ನೆ ನಮ್ಮನೇಲಿ ಒಂಬತ್ ಗಂಟೆಗೆ ಮುದ್ದೆ ಆಯ್ತು’ ಎಂದಳು. ನಗು ತಡೆಯಲಾಗಲಿಲ್ಲ. ಮಾವನವರು ಈಗ ಪ್ರಾರ್ಥನೆಯಲ್ಲಿ ಅವಳ ಹೆಸರನ್ನೂ ಹೇಳುತ್ತಾರೆ.

ನನಗೆ ಮತ್ತೆ ಪ್ರಾರ್ಥನೆ ಬರುತ್ತಿದೆ. ದಿನಾ ಅಲ್ಲ. ಕೆಲವು ದಿನ ಬರೀ ಆಕಳಿಕೆ. ಆದರೂ ಆರು ಗಂಟೆಗೆ ದಿನ ಇನ್ನೂ ಯಾರ ಕೈಗೂ ಸಿಕ್ಕಿರುವುದಿಲ್ಲವಲ್ಲ, ಹಾಗಾಗಿ ಮನಸ್ಸು ಸ್ವಲ್ಪ ಕೂರುತ್ತದೆ. ಗೀಟು ಹೋದದ್ದು ಆಮೇಲೆ ಸಾಹುಕಾರರು ಹೇಳಿದಾಗಲೇ ನಮಗೆ ಗೊತ್ತಾದದ್ದು. ತಮ್ಮ ಮಾತಿಗೆ ಹೆದರಿ ಸರಿಹೋದೆವು ಎಂದು ಅವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ.

ನಿಮಗೆ ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತೀರಿ. ಹೇಳಿದ್ದರೆ ನಿಮ್ಮ ಗುಟ್ಟು ನನಗೆ ಗೊತ್ತೆಂದು ನಿಮಗೆ ಗೊತ್ತಾಗುತ್ತಿತ್ತು. ನೀವೇ ಬಂದು ಹೇಳುವವರೆಗೆ ಕಾಯೋಣ ಎಂದುಕೊಂಡೆ. ನನಗೆ ಕಾಯುವುದು ಬರುವುದಿಲ್ಲ, ನಿಮಗೆ ಗೊತ್ತು. ಆದರೂ ಕಾದೆ.

ಎಲ್ಲಿಂದ ಶುರು ಮಾಡಲಿ ಎಂದಿರಿ. ನೀವು ಬಿಟ್ಟ ಜಾಗ ಹಾಗೇ ಇದೆ. ಬೆಳಿಗ್ಗೆ ನಾವು ವೇದಪುಸ್ತಕದ ಒಂದು ಕೀರ್ತನೆಯನ್ನು ವಚನಕ್ಕೊಬ್ಬರಂತೆ ಓದುತ್ತೇವೆ. ಮೊದಲು ಹನ್ನ, ಆಮೇಲೆ ನಾನು, ಆಮೇಲೆ ಮಾವನವರು, ನಾಲ್ಕನೆಯದು ನೀವು. ನಿಮ್ಮ ವಚನ ಬಂದಾಗ ಮಾವನವರು ಯಾರಿಗೂ ಓದಲು ಬಿಡುವುದಿಲ್ಲ. ‘ತಡೀರಿ, ಅವನದು’ ಎನ್ನುತ್ತಾರೆ. ಒಂದು ವಚನ ಓದುವಷ್ಟು ಹೊತ್ತು ಮೂವರೂ ಸುಮ್ಮನಿರುತ್ತೇವೆ. ಆಮೇಲೆ ಹನ್ನ ಐದನೆಯದನ್ನು ಓದುತ್ತಾಳೆ. ನೀವು ಓದುತ್ತಿಲ್ಲ ಎಂದು ಗೊತ್ತಿದ್ದೂ ಹೀಗೇ ಮಾಡಿದೆವು.

ಕಾಗದ ತಲುಪುವುದು ತಡ. ಅದಕ್ಕೇ ಒಂದು ಉಪಾಯ. ಹೊಸ ವರ್ಷದ ದಿನ ಮೊದಲನೆಯ ಕೀರ್ತನೆ, ಎರಡನೆಯ ತಾರೀಖು ಎರಡನೆಯದು, ಹಾಗೇ ಮುಂದಕ್ಕೆ. ತಾರೀಖು ಗೊತ್ತಿದ್ದರೆ ಸಾಕು. ಮೊದಲ ದಿನವೇ ನಿಮಗೆ ಬಂದಿರುವುದು ದುಷ್ಟರು ಹೊಟ್ಟಿನ ಹಾಗೆ ಗಾಳಿಗೆ ಹಾರಿಹೋಗುವ ವಚನ. ನಾನು ಬೇಕೆಂದು ಮಾಡಿದ್ದಲ್ಲ, ಲೆಕ್ಕಕ್ಕೆ ಹಾಗೆ ಬಂತು. ಹನ್ನ ತನ್ನ ವಚನ ಕೊಟ್ಟು ಬದಲಾಯಿಸಿಕೊಳ್ಳುತ್ತೇನೆ ಎಂದಳು. ಮಾವನವರು ಬೇಡ ಎಂದರು.

ಕುಂದಾಣದಿಂದ ನನ್ನ ಅಣ್ಣ ಅವರೆಕಾಯಿ ತಂದಿದ್ದ. ಮನೆಯೆಲ್ಲ ಸೊಗಡು. ಕ್ರಿಸ್ಮಸ್ಸಿಗೆ ಕಜ್ಜಾಯ ಸುಡುತ್ತೇನೆ, ನೀವಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ.

ನಿಮ್ಮ
ಸುವಾರ್ತಮ್ಮ

ಮಾವನವರು ಹೇಳಿ ಬರೆಸಿದ್ದು: ‘ಆಶೀರ್ವಾದ, ಕಾಗ್ದ ನಾನೇ ಓದಿಸ್ಕೊಂಡೆ, ನಿನ್ನ ಹೆಂಡ್ತೀನ ಬೈಬೇಡ. ಮೊದ್ಲನೇ ದಿನ ಹೊಟ್ಟಿನ್ ವಚನವೇ ಆಗ್ಲಿ, ಓದು. ಗಟ್ಟಿಯಾಗ್ ಓದು. ನಾನು ಕಾಯ್ತಿರ್ತೀನಿ ಕಣಪ್ಪ.’


ಸೂರತ್
1 ಜನವರಿ 1967, ಭಾನುವಾರ

ನನ್ನ ಸುವಾರ್ತಾ,

ಇದನ್ನು ಬೆಳಿಗ್ಗೆಯೇ ಬರೆಯುತ್ತಿದ್ದೇನೆ, ಪ್ರಾರ್ಥನೆ ಈಗಷ್ಟೇ ಮುಗಿಯಿತು.

ಈ ಭಾನುವಾರ ಕೆಲಸಕ್ಕೆ ಬರುವುದಿಲ್ಲ ಎಂದು ಮುಕಾದಮನಿಗೆ ಮೊದಲೇ ಹೇಳಿದ್ದೆ. ಹೆಚ್ಚಿಗೆ ಕೊಟ್ಟ ನಾಲ್ಕು ಮಗ್ಗ ಬೇರೆಯವನಿಗೆ ಹೋಗುತ್ತವೆ ಎಂದ. ಹೋಗಲಿ ಎಂದೆ. ಅಂದ ಮೇಲೆ ಸ್ವಲ್ಪ ಭಯವಾಯಿತು, ಆದರೂ ಅಂದದ್ದು ಅಂದದ್ದೇ.

ಇಲ್ಲಿ ಆರಕ್ಕೆ ಇನ್ನೂ ಕತ್ತಲು. ದೀಪ ಹಾಕಿದರೆ ರಘುವೀರನಿಗೆ ಎಚ್ಚರವಾಗುತ್ತದೆ ಎಂದು ಲಾಟೀನು ಸಣ್ಣಗೆ ಮಾಡಿಕೊಂಡು ಮೂಲೆಯಲ್ಲಿ ಮಂಡಿಯೂರಿದೆ. ಪುಟ ತೆರೆದೆ. ಹಳೆಯ ಅಭ್ಯಾಸದ ಹಾಗೆ ಮೊದಲನೆಯ ವಚನದಿಂದ ಓದಲು ಬಾಯಿ ತೆರೆದವನು ನಿಲ್ಲಿಸಿಬಿಟ್ಟೆ. ಅದು ಹನ್ನಳದ್ದು. ಅವಳು ತಡವರಿಸಿ ಓದುವಷ್ಟು ಹೊತ್ತು ಕಾದೆ. ಆಮೇಲೆ ನಿನ್ನದು, ನೀನು ಬೇಗ ಬೇಗ ಓದುತ್ತೀಯ. ಅಪ್ಪನದಕ್ಕೆ ಬಹಳ ಹೊತ್ತು ಬಿಟ್ಟೆ, ಕನ್ನಡಕ ಸಿಗಬೇಕಲ್ಲ. ಆಮೇಲೆ ನನ್ನದನ್ನು ಓದಿದೆ, ಅಪ್ಪ ಹೇಳಿದ ಹಾಗೆ ಗಟ್ಟಿಯಾಗಿ. ಓದಿ ಮುಗಿಸಿ ಐದನೆಯದಕ್ಕೆ ಮತ್ತೆ ಹನ್ನಳಿಗೆ ಕಾದೆ.

ರಘುವೀರ ಎದ್ದು ಕೂತು ಕಣ್ಣುಜ್ಜುತ್ತ, ಇಷ್ಟು ಬೆಳಿಗ್ಗೆ ಯಾರ ಹತ್ತಿರ ಮಾತಾಡುತ್ತಿದ್ದೀಯ, ಮಧ್ಯೆ ಮಧ್ಯೆ ಯಾಕೆ ನಿಲ್ಲಿಸುತ್ತೀಯ ಎಂದು ಸನ್ನೆ ಮಾಡಿದ.

ಮನೆಯವರು ಓದುತ್ತಿದ್ದಾರೆ, ಸದ್ದು ಮಾಡಬೇಡ ಎಂದು ಸನ್ನೆಯಲ್ಲೇ ಹೇಳಿದೆ.

ಆಶೀರ್ವಾದಪ್ಪ